ಟೂಲ್‌ಬಾರ್ ಹೋಯಿತು, ಫೋಲ್ಡರ್ ಇದೆಯಲ್ಲ

ಪ್ರಶ್ನೆ: ಜಮಖಂಡಿ ಬಸ್ ಸ್ಟ್ಯಾಂಡ್ ಹತ್ರ ನಮ್ಮದು ಝೆರಾಕ್ಸ್ ಮತ್ತ ಆನ್‌ಲೈನ್ ಅರ್ಜಿ ಅಂಗಡಿ ಐತ್ರಿ. ಹಳೇ ಕಂಪ್ಯೂಟರಿನ ವಿಂಡೋಸ್ 10ರಾಗ ಟಾಸ್ಕ್‌ಬಾರ್ ಮ್ಯಾಲ ಒಂದು ಫೋಲ್ಡರ್ ಕೂಡ್ರಿಸಿದ್ದೆ. ಒತ್ತಿದ್ರ ಸಾಕು, ಕನ್ನಡ ಟೈಪಿಂಗಿನ ನುಡಿ, ಸ್ಕ್ಯಾನರ್, ಉತಾರದ (ಪಹಣಿ) ವೆಬ್‌ಸೈಟ್ ಎಲ್ಲಾ ಸಾಲಾಗಿ ಬರ್ತಿದ್ವು. ಹೊಸಾದ್ರಾಗ ವಿಂಡೋಸ್ 11 ಐತಿ, ಆ ಟೂಲ್‌ಬಾರ್ ಆಯ್ಕೆನ ಸಿಗವಲ್ದು. ಹಳೇ ಫೋಲ್ಡರ್ ಪೆನ್‌ಡ್ರೈವ್‌ನ್ಯಾಗ ತಂದು ಹಾಕಿದ್ರ ಅರ್ಧ ಐಕಾನ್ ಬಿಳೇ ಹಾಳಿ ಆಗ್ಯಾವ. ಏನ್ ಮಾಡ್ಬೇಕ್ರಿ?

ಉತ್ತರ: ಎಷ್ಟು ಹುಡುಕಿದರೂ ಸಿಗುವುದಿಲ್ಲ. ಟಾಸ್ಕ್‌ಬಾರಿಗೆ ಫೋಲ್ಡರ್ ಸೇರಿಸುವ ಆಯ್ಕೆಯನ್ನು ಮೈಕ್ರೋಸಾಫ್ಟ್ ವಿಂಡೋಸ್ 11ರಲ್ಲಿ ತೆಗೆದೇ ಹಾಕಿದೆ. ಹಾಗಂತ ಹಳೆಯದಕ್ಕೆ ಮರಳಬೇಡಿ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಗಿರಾಕಿಗಳ ಆಧಾರ್, ಪಾಸ್‌ಬುಕ್ ಸ್ಕ್ಯಾನ್ ಆಗುವ ಮಷಿನ್‌ಗೆ ಅದು ಸಲ್ಲದು.

ಮೊದಲು ಬಿಳಿ ಹಾಳೆಯ ವಿಷಯ. ಶಾರ್ಟ್‌ಕಟ್ ಅಂದರೆ ಪ್ರೋಗ್ರಾಂ ಅಲ್ಲ, ಅದರ ವಿಳಾಸ ಬರೆದ ಚೀಟಿ. ಹಳೆ ಮಷಿನ್ನಿನಲ್ಲಿ ಡಿ ಡ್ರೈವ್‌ನಲ್ಲಿದ್ದ ಸಾಫ್ಟ್‌ವೇರ್ ಹೊಸದರಲ್ಲಿ ಸಿ ಡ್ರೈವ್‌ಗೆ ಇನ್‌ಸ್ಟಾಲ್ ಆಗಿದ್ದರೆ ಚೀಟಿ ತೋರಿಸುವ ಮನೆಯೇ ಅಲ್ಲಿಲ್ಲ. ಆ ಫೋಲ್ಡರನ್ನು ಅಳಿಸಿಬಿಡಿ. ಐಕಾನಿನ ಎಡಮೂಲೆಯಲ್ಲಿ ಪುಟ್ಟ ಬಾಣ ಇರುವವನ್ನು ಅಳಿಸಿದರೆ ಸಾಫ್ಟ್‌ವೇರ್‌ಗೆ ಏನೂ ಆಗದು. (ಗಿರಾಕಿ ತಂದ ಪೆನ್‌ಡ್ರೈವ್‌ನಲ್ಲಿ ಫೋಲ್ಡರುಗಳಿಗೆಲ್ಲ ಇದೇ ಬಾಣ ಕಂಡರೆ ಡಬಲ್ ಕ್ಲಿಕ್ ಮಾಡಬೇಡಿ, ಅದು ಶಾರ್ಟ್‌ಕಟ್ ವೈರಸ್‌ನ ಗುರುತು. ಮೊದಲು ಸ್ಕ್ಯಾನ್ ಮಾಡಿ.)

ಈಗ ಹೊಸ ಜೋಡಣೆ. ದಿನಕ್ಕೆ ಹತ್ತಾರು ಸಲ ತೆಗೆಯುವವು ಬೇರೆ, ದಿನಕ್ಕೊಮ್ಮೆ ತೆಗೆಯುವವು ಬೇರೆ. ಮೊದಲಿನವನ್ನು ನೇರ ಟಾಸ್ಕ್‌ಬಾರಿಗೆ ಪಿನ್ ಮಾಡಿ. ಎಡದಿಂದ ಮೊದಲನೆಯದು ವಿಂಡೋಸ್ ಕೀ ಜೊತೆ 1 ಒತ್ತಿದರೆ, ಎರಡನೆಯದು 2 ಒತ್ತಿದರೆ ತೆರೆಯುತ್ತದೆ; ಹತ್ತನೆಯದಕ್ಕೆ 0. ಸ್ಟಾರ್ಟ್ ಬಟನ್, ಸರ್ಚ್ ಈ ಲೆಕ್ಕದಲ್ಲಿಲ್ಲ. ಹಾಗೆಯೇ ಸೆಟ್ಟಿಂಗ್ಸ್‌ನ ಪರ್ಸನಲೈಸೇಶನ್, ಟಾಸ್ಕ್‌ಬಾರ್, ಟಾಸ್ಕ್‌ಬಾರ್ ಬಿಹೇವಿಯರ್ಸ್ ಒಳಗೆ ಅಲೈನ್‌ಮೆಂಟನ್ನು ಲೆಫ್ಟ್‌ಗೆ ಬದಲಿಸಿ. ಐಕಾನುಗಳು ನಡುವೆ ಇದ್ದರೆ ಪಿನ್ ಮಾಡದ ಪ್ರೋಗ್ರಾಂ ತೆರೆದಾಗಲೆಲ್ಲ ಇಡೀ ಸಾಲು ಆಚೀಚೆ ಸರಿಯುತ್ತದೆ, ಕೈಗೆ ಜಾಗ ರೂಢಿಯಾಗುವುದೇ ಇಲ್ಲ.

ಉಳಿದವಕ್ಕೆ ಡಿ ಡ್ರೈವ್‌ನಲ್ಲಿ ಒಂದು ಫೋಲ್ಡರ್ ಮಾಡಿ. ಡೆಸ್ಕ್‌ಟಾಪ್ ಮೇಲೆ ಬೇಡ ಅನ್ನಲು ಕಾರಣವಿದೆ: ಒನ್‌ಡ್ರೈವ್ ಬ್ಯಾಕಪ್ ಆನ್ ಆಗಿದ್ದರೆ ಡೆಸ್ಕ್‌ಟಾಪಿನ ಚೀಟಿಗಳು ಅದೇ ಖಾತೆಯ ಇನ್ನೊಂದು ಕಂಪ್ಯೂಟರಿಗೂ ಹೋಗಿ ಅಲ್ಲಿ ಬಿಳಿ ಹಾಳೆಯಾಗಿ ಕೂರುತ್ತವೆ. ಫೋಲ್ಡರಿನ ಹೆಸರು ಇಂಗ್ಲಿಷಿನಲ್ಲಿ, ಸ್ಪೇಸ್ ಇಲ್ಲದೆ ಇರಲಿ. ಒಳಗಿನ ಶಾರ್ಟ್‌ಕಟ್‌ಗಳಿಗೆ ಕನ್ನಡದ ಹೆಸರು ನಡೆಯುತ್ತದೆ. ಐಕಾನನ್ನು ಮೌಸಿನ ಬಲಗುಂಡಿಯಿಂದ ಎಳೆದು ಫೋಲ್ಡರಿನೊಳಗೆ ಬಿಟ್ಟರೆ ‘ಕ್ರಿಯೇಟ್ ಶಾರ್ಟ್‌ಕಟ್ಸ್ ಹಿಯರ್’ ಎಂದು ಕೇಳುತ್ತದೆ, ಅದನ್ನೇ ಒತ್ತಿ. ಎಡಗುಂಡಿಯಿಂದ ಎಳೆದು ಪ್ರೋಗ್ರಾಂ ಫೈಲನ್ನೇ ತಂದುಬಿಟ್ಟರೆ ಜೊತೆಗಾರ ಫೈಲುಗಳು ಹಿಂದೆ ಉಳಿದು, ಡಿಎಲ್‌ಎಲ್ ಸಿಗುತ್ತಿಲ್ಲ ಎಂಬ ಎರರ್ ಬರುತ್ತದೆ. ಹೆಸರಿನ ಮುಂದೆ 01, 02 ಎಂದು ಹಾಕಿದರೆ ನಿಮಗೆ ಬೇಕಾದ ಕ್ರಮದಲ್ಲೇ ನಿಲ್ಲುತ್ತವೆ.

ಇನ್ನು ಈ ಫೋಲ್ಡರನ್ನು ಟಾಸ್ಕ್‌ಬಾರಿಗೆ ತರಬೇಕು. ಬರಿ ಫೋಲ್ಡರಿಗೆ ಅಲ್ಲಿ ಪ್ರತ್ಯೇಕ ಗುಂಡಿ ಸಿಗದು, ಪ್ರೋಗ್ರಾಂ ಎಂದು ನಂಬಿಸಬೇಕು. ಡೆಸ್ಕ್‌ಟಾಪಿನಲ್ಲಿ ರೈಟ್ ಕ್ಲಿಕ್, ನ್ಯೂ, ಶಾರ್ಟ್‌ಕಟ್. ವಿಳಾಸದ ಜಾಗದಲ್ಲಿ ಎಕ್ಸ್‌ಪ್ಲೋರರ್ ಎಂದು ಇಂಗ್ಲಿಷಿನಲ್ಲಿ ಬರೆದು, ಒಂದು ಸ್ಪೇಸ್ ಬಿಟ್ಟು, ಫೋಲ್ಡರಿನ ಪೂರ್ತಿ ವಿಳಾಸ ಹಾಕಿ. ಪ್ರಾಪರ್ಟೀಸ್‌ಗೆ ಹೋಗಿ ಚೇಂಜ್ ಐಕಾನ್ ಒತ್ತಿ ಬೇರೆ ಚಿತ್ರ ಕೊಡಿ. ಆಮೇಲೆ ರೈಟ್ ಕ್ಲಿಕ್, ಶೋ ಮೋರ್ ಆಪ್ಶನ್ಸ್, ಪಿನ್ ಟು ಟಾಸ್ಕ್‌ಬಾರ್. ಮೊದಲಿನಂತೆ ಪಟ್ಟಿ ಏಳುವುದಿಲ್ಲ, ಕಿಟಕಿ ತೆರೆಯುತ್ತದೆ. ಒಂದು ಕ್ಲಿಕ್ ಹೆಚ್ಚು, ಅಷ್ಟೇ. ಹಳೆ ಟಾಸ್ಕ್‌ಬಾರನ್ನೇ ಮರಳಿ ತರುವ ಬೇರೆ ಕಂಪನಿಗಳ ಟೂಲುಗಳೂ ಇವೆ. ಆದರೆ ವಿಂಡೋಸ್ ಅಪ್‌ಡೇಟ್ ಬಂದಾಗ ಅವು ಕೈಕೊಡಬಹುದು, ಅಂಗಡಿಯ ಮಷಿನ್‌ಗೆ ನಾವು ಹೇಳುವುದಿಲ್ಲ.

ಉತಾರ, ಸೇವಾ ಸಿಂಧು ಇಂಥ ವೆಬ್‌ಸೈಟುಗಳಿಗೆ, ಬ್ರೌಸರಿನ ವಿಳಾಸಪಟ್ಟಿಯ ಎಡತುದಿಯ ಚಿಹ್ನೆಯನ್ನು ಹಿಡಿದೆಳೆದು ಫೋಲ್ಡರಿನಲ್ಲಿ ಬಿಡಿ. ಮೊದಲ ಪುಟದಲ್ಲಿದ್ದಾಗಲೇ ಎಳೆಯಿರಿ. ಲಾಗಿನ್ ಆದ ಮೇಲಿನ ಒಳಪುಟವನ್ನು ಎಳೆದಿಟ್ಟರೆ ಮರುದಿನ ‘ಸೆಶನ್ ಎಕ್ಸ್‌ಪೈರ್ಡ್’ ಎಂದು ಮುಖಕ್ಕೆ ಹೊಡೆಯುತ್ತದೆ.

ಶಾರ್ಟ್‌ಕಟ್‌ನ ಪ್ರಾಪರ್ಟೀಸ್‌ನಲ್ಲಿ ಕಂಟ್ರೋಲ್, ಆಲ್ಟ್ ಜೊತೆಗೊಂದು ಅಕ್ಷರ ಕೊಡುವ ‘ಶಾರ್ಟ್‌ಕಟ್ ಕೀ’ ಖಾನೆ ಇದೆ. ಆ ಶಾರ್ಟ್‌ಕಟ್ ಡೆಸ್ಕ್‌ಟಾಪ್ ಅಥವಾ ಸ್ಟಾರ್ಟ್ ಮೆನುವಿನಲ್ಲಿದ್ದರೆ ಮಾತ್ರ ಅದು ಕೆಲಸ ಮಾಡುತ್ತದೆ. ಡಿ ಡ್ರೈವ್‌ನ ಫೋಲ್ಡರಿನಲ್ಲಿಟ್ಟು ಒತ್ತುತ್ತ ಕೂತರೆ ಏನೂ ಆಗುವುದಿಲ್ಲ.

ಪ್ರಶ್ನೆ: ವಿಜಯಪುರದಾಗ ಹೈಸ್ಕೂಲ್ ಶಿಕ್ಷಕಿ ಇದೀನ್ರಿ. ಲ್ಯಾಪ್‌ಟಾಪಿನಾಗ ವಿಷಯವಾರು ಐಕಾನ್ ಜೋಡಿಸಿಟ್ಟಿರ್ತೀನಿ. ಪ್ರೊಜೆಕ್ಟರ್ ಹಚ್ಚಿ ತಗದ್ರ ಎಲ್ಲಾ ಒಂದ್ಕೊಂದು ಕಲಸಿ ಎಡಕ್ಕ ಬಂದು ಬೀಳ್ತಾವ.

ಉತ್ತರ: ಪರದೆ ಚಿಕ್ಕದಾಗುವುದೇ ಕಾರಣ. ನಿಮ್ಮ ಲ್ಯಾಪ್‌ಟಾಪ್ 1920×1080 ಇದ್ದು ಪ್ರೊಜೆಕ್ಟರ್ 1024×768ರದ್ದಾದರೆ, ಡ್ಯುಪ್ಲಿಕೇಟ್ ಮಾಡಿದಾಗ ಲ್ಯಾಪ್‌ಟಾಪಿನ ಪರದೆಯೂ ಆ ಅಳತೆಗೆ ಇಳಿಯಬಹುದು. ಹೊರಗುಳಿದ ಐಕಾನುಗಳನ್ನು ವಿಂಡೋಸ್ ಖಾಲಿ ಜಾಗಕ್ಕೆ ತಳ್ಳುತ್ತದೆ. ತಂತಿ ಬಿಚ್ಚಿದ ಮೇಲೆ ಅವು ಮೊದಲಿನ ಜಾಗಕ್ಕೇ ಮರಳುತ್ತವೆ ಎನ್ನುವಂತಿಲ್ಲ. ವಿಂಡೋಸ್ ಕೀ ಜೊತೆ ಪಿ ಒತ್ತಿ ಎಕ್ಸ್‌ಟೆಂಡ್ ಆರಿಸಿಕೊಳ್ಳಿ. ನಿಮ್ಮ ಪರದೆ ತನ್ನ ಅಳತೆಯಲ್ಲೇ ಉಳಿಯುತ್ತದೆ, ಪಾಠದ ಕಿಟಕಿಯನ್ನಷ್ಟೇ ಗೋಡೆಯ ಕಡೆಗೆ ಎಳೆದು ಬಿಟ್ಟರಾಯಿತು. ಮಕ್ಕಳಿಗೆ ನಿಮ್ಮ ಬೇರೆ ಫೈಲುಗಳೂ ಕಾಣವು. ಡೆಸ್ಕ್‌ಟಾಪ್ ಮೇಲೆ ರೈಟ್ ಕ್ಲಿಕ್ ಮಾಡಿ ವ್ಯೂ ಒಳಗೆ ‘ಆಟೋ ಅರೇಂಜ್ ಐಕಾನ್ಸ್’ ಟಿಕ್ ತೆಗೆದಿದೆಯೇ ಎಂದೂ ನೋಡಿ. ವಿಷಯಕ್ಕೊಂದು ಫೋಲ್ಡರ್ ಮಾಡಿದರೆ ಕಲಸುವುದಕ್ಕೆ ಉಳಿಯುವುದೇ ಐದಾರು ಐಕಾನ್.

ಪ್ರಶ್ನೆ: ಗೋಕಾಕದಿಂದ. 4 ಜಿಬಿ ರ‍್ಯಾಮಿನ ಹಳೇ ಮಷಿನ್‌ಗೆ ವಿಂಡೋಸ್ ಬದ್ಲಿಗೆ ಲಿನಕ್ಸ್ ಮಿಂಟ್ ಎಕ್ಸ್‌ಎಫ್‌ಸಿಇ ಹಾಕೀನಿ. ಇದ್ರಾಗ ಅಂಥಾ ಪಟ್ಟಿ ಮಾಡಾಕ ಬರ್ತದೇನ್ರಿ?

ಉತ್ತರ: ಜಮಖಂಡಿಯವರು ಕೇಳಿದ ಪಟ್ಟಿ ನಿಮ್ಮಲ್ಲೇ ಇದೆ! ಪ್ಯಾನೆಲ್ (ಇಲ್ಲಿನ ಟಾಸ್ಕ್‌ಬಾರ್) ಮೇಲೆ ರೈಟ್ ಕ್ಲಿಕ್, ಪ್ಯಾನೆಲ್, ಆ್ಯಡ್ ನ್ಯೂ ಐಟಮ್ಸ್, ಲಾಂಚರ್. ಬಂದ ಲಾಂಚರಿನ ಪ್ರಾಪರ್ಟೀಸ್ ತೆರೆದು ಕೂಡಿಸು ಚಿಹ್ನೆಯಿಂದ ಬೇಕಾದ ಆ್ಯಪ್‌ಗಳನ್ನು ಸೇರಿಸಿ. ಒಂದಕ್ಕಿಂತ ಹೆಚ್ಚು ಸೇರಿಸಿದರೆ ಪಕ್ಕದಲ್ಲಿ ಬಾಣ ಮೂಡಿ, ಒತ್ತಿದಾಗ ಪಟ್ಟಿ ತೆರೆಯುತ್ತದೆ. ಮುಗಿದ ಮೇಲೆ ಪ್ಯಾನೆಲ್ ಪ್ರಿಫರೆನ್ಸಸ್‌ನಲ್ಲಿ ‘ಲಾಕ್ ಪ್ಯಾನೆಲ್’ ಟಿಕ್ ಮಾಡಿ, ಇಲ್ಲದಿದ್ದರೆ ಕೈ ತಗುಲಿ ಪ್ಯಾನೆಲ್ಲೇ ಪರದೆಯ ನಡುವಿಗೆ ಬರಬಹುದು.