ಮೇಣದ ಎಣ್ಣೆಗೆ ಗೇರು ಸಿಪ್ಪೆಯ ಮದ್ದು

ಪ್ರಶ್ನೆ: ಮೇಡಂ, ನನ್ನ ಮಗ ರಾಜಸ್ಥಾನದ ಬಾರ್ಮೇರ್‌ನಲ್ಲಿ ತೈಲ ಬಾವಿಯ ಕೆಲಸದಲ್ಲಿದ್ದಾನೆ. ಅಲ್ಲಿನ ಕಚ್ಚಾ ಎಣ್ಣೆ ಮೇಣದ ಹಾಗೆ ಗಟ್ಟಿಯಾಗುತ್ತದಂತೆ, ಅದಕ್ಕೇ ಪೈಪನ್ನೇ ಬಿಸಿ ಮಾಡುತ್ತಾರಂತೆ. ನಮ್ಮೂರ ಗೇರುಬೀಜದ ಸಿಪ್ಪೆ ಎಣ್ಣೆ ಬೆರೆಸಿದರೆ ಅದು ತಣ್ಣಗಿದ್ದರೂ ಹರಿಯುತ್ತದೆ ಅಂತ ಯಾರೋ ಹೇಳಿದರು. ನಿಜವಾ?
– ಓದುಗರೊಬ್ಬರು, ಕಾರ್ಕಳ

ಉತ್ತರ: ಅರ್ಧ ನಿಜ. ಬೆಂಗಳೂರಿನ ನಮ್ಮ ಮನೆಯಲ್ಲಿ ಡಿಸೆಂಬರ್ ಬಂದರೆ ತೆಂಗಿನೆಣ್ಣೆ ಬಾಟಲಿಯನ್ನು ಬಿಸಿಲಿಗೆ ಇಡಬೇಕು. ಅದು ಹೆಪ್ಪುಗಟ್ಟುವುದು 24 ಡಿಗ್ರಿ ಆಸುಪಾಸಿನಲ್ಲಿ. ಬಾರ್ಮೇರ್‌ನ ಮಂಗಳಾ ತೈಲ ಕ್ಷೇತ್ರದ ಎಣ್ಣೆ 40 ಡಿಗ್ರಿ ಸೆಕೆಯಲ್ಲೇ ಹಟ ಹಿಡಿದು ನಿಂತುಬಿಡುತ್ತದೆ. ಹಾಗಾಗಿ ಗುಜರಾತಿನ ಕಡಲ ತೀರದವರೆಗೆ ಸುಮಾರು 670 ಕಿ.ಮೀ. ಪೈಪನ್ನು ಉದ್ದಕ್ಕೂ ಬಿಸಿಯಾಗಿಯೇ ಇಡುತ್ತಾರೆ.

ಲ್ಯಾಬಿನಲ್ಲಿ ನಾನು ವರ್ಷಗಟ್ಟಲೆ ಮಾಡಿದ ಪರೀಕ್ಷೆ ಬಹಳ ಸರಳ. ಎಣ್ಣೆಯ ಗಾಜಿನ ಜಾಡಿಯನ್ನು ತಣ್ಣಗೆ ಮಾಡುತ್ತಾ, 3 ಡಿಗ್ರಿಗೊಮ್ಮೆ ಎತ್ತಿ ಬಗ್ಗಿಸಿ ನೋಡುವುದು. ಪೂರ್ತಿ ಮಲಗಿಸಿ 5 ಸೆಕೆಂಡ್ ಹಿಡಿದರೂ ಅಲುಗದಿದ್ದರೆ ಕಥೆ ಮುಗಿಯಿತು. ತಮಾಷೆ ಅಂದರೆ, ಆಗಲೂ ಒಳಗಿರುವುದು ಬಹುಪಾಲು ದ್ರವವೇ. ಗಟ್ಟಿ ಮೊಸರಿನಲ್ಲಿ ನೀರು ಸಿಕ್ಕಿಕೊಂಡಿರುತ್ತದಲ್ಲಾ, ಹಾಗೆ ಮೇಣದ ಹರಳುಗಳ ಜಾಲದಲ್ಲಿ ಎಣ್ಣೆ ಸಿಕ್ಕಿಕೊಂಡಿರುತ್ತದೆ.

ಗೇರು ಸಿಪ್ಪೆ ಎಣ್ಣೆಯನ್ನು ಕಾಯಿಸಿದಾಗ ಸಿಗುವ ಕಾರ್ಡನಾಲ್ ಎಂಬ ರಾಸಾಯನಿಕದ ಅಣುವಿಗೆ 15 ಕಾರ್ಬನ್‌ಗಳ ಉದ್ದ ಬಾಲ, ತಲೆ ಕಡೆ ಫೀನಾಲ್ ಎಂಬ ಉಂಗುರದಾಕಾರದ ಭಾಗ. ಬಾಲ ಮೇಣದ ಜೊತೆ ಸೇರಿಕೊಳ್ಳುತ್ತದೆ. ತಲೆ ಅಡ್ಡ ನಿಂತು ಪಕ್ಕದ ಹರಳು ಅಂಟದಂತೆ ಮಾಡುತ್ತದೆ. ಮೇಣ ಎಲ್ಲೂ ಹೋಗುವುದಿಲ್ಲ, ಜಾಲ ಕಟ್ಟಲಾಗದೆ ಚೂರಾಗಿ ಉಳಿಯುತ್ತದೆ ಅಷ್ಟೇ.

ಆದರೆ ಕಾರ್ಖಾನೆಯಿಂದ ಒಂದು ಡಬ್ಬ ತಂದು ಸುಮ್ನೆ ಸುರಿದರೆ ಆಗುವ ಕೆಲಸ ಅಲ್ಲ. ಕಾರ್ಡನಾಲ್‌ನ ಬಾಲ ಹೆಚ್ಚಾಗಿ ಡೊಂಕು, ಉದ್ದವೂ ಸಾಲದು. ಮೇಣದ ಸರಪಳಿಗಳು 20, 30 ಕಾರ್ಬನ್ ದಾಟುತ್ತವೆ. ಅದಕ್ಕೇ ಕಾರ್ಡನಾಲನ್ನು ಎಸ್ಟರ್ ಎಂಬ ಇನ್ನೊಂದು ರಾಸಾಯನಿಕ ರೂಪಕ್ಕೆ, ಇಲ್ಲವೇ ಉದ್ದ ಸರಪಳಿಯ ಪಾಲಿಮರ್‌ಗೆ ಬದಲಿಸಿ ಪ್ರಯೋಗ ಮಾಡುತ್ತಾರೆ. ಹರಳೆಣ್ಣೆ, ಜಟ್ರೋಫಾ ಎಣ್ಣೆಗಳ ಮೇಲೂ ಇಂಥ ಪ್ರಯೋಗ ನಡೆದಿದೆ. ಒಂದು ಬಾವಿಯ ಎಣ್ಣೆಗೆ ಒಗ್ಗಿದ ಮದ್ದು ಇನ್ನೊಂದಕ್ಕೆ ಒಗ್ಗದೆಯೂ ಇರಬಹುದು.

ಇನ್ನೊಂದು ಮಾತು. ನಾನೇ ಒಮ್ಮೆ ಆತುರದಲ್ಲಿ ಎಣ್ಣೆ ಸರಿಯಾಗಿ ಕಾಯುವ ಮೊದಲೇ ಮದ್ದು ಬೆರೆಸಿ, ‘ಕೆಲಸ ಮಾಡುವುದಿಲ್ಲ’ ಅಂತ ವರದಿ ಬರೆದಿದ್ದೆ. ತಪ್ಪು ನನ್ನದು. ಹರಳು ಕಟ್ಟಿದ ಮೇಲೆ ಹಾಕಿದರೆ ಅದರೊಳಗೆ ಸೇರಲು ಜಾಗವೇ ಇರುವುದಿಲ್ಲ, ಅಲ್ವಾ? ಮಂಗಳಾ ಎಣ್ಣೆ ತಣಿಯುತ್ತಾ ಬರುವಾಗ, ಬಿಸಿ ಇನ್ನೂ 60 ಡಿಗ್ರಿಗಿಂತ ಮೇಲಿರುವಾಗಲೇ ಹರಳು ಮೂಡತೊಡಗುತ್ತದೆ. ಅಂದರೆ ಯಾವ ಮದ್ದು ಹಾಕುವುದಾದರೂ ಒಮ್ಮೆ ಚೆನ್ನಾಗಿ ಕಾಯಿಸಲೇಬೇಕು.