ಕರೆದರೆ ಬರಲ್ಲ, ಮುಟ್ಟಿದರೆ ಬೆಚ್ಚುತ್ತಾನೆ

ಪ್ರಶ್ನೆ: ಎರಡು ತಿಂಗಳ ಹಿಂದೆ ಸಂತೆ ಹತ್ತಿರ ಒಂದು ಬಿಳಿ ನಾಯಿ ಸಿಕ್ಕಿತು. ಮೈಮೇಲೆ ಕಪ್ಪು ಚುಕ್ಕೆ, ಒಂದು ಕಣ್ಣು ನೀಲಿ. ಯಾರೋ ಸಾಕಿ ಬಿಟ್ಟು ಹೋದ ಹಾಗಿದೆ. ವರ್ಷದ ಗಂಡು, ಮುದ್ದು ಅಂತ ಕರೆಯುತ್ತೇವೆ. ಎರಡೂ ಕಿವಿ ಕೇಳಿಸುವುದಿಲ್ಲ ಎಂದು ಡಾಕ್ಟರು ಹೇಳಿದರು. ಮೊನ್ನೆ ಅವನು ಮಲಗಿದ್ದಾಗ 6 ವರ್ಷದ ಮಗಳು ಬೆನ್ನು ಸವರಿದಳು. ಥಟ್ಟನೆ ತಿರುಗಿ ಕೈಗೆ ಬಾಯಿ ಹಾಕಿದ. ಸಣ್ಣ ಗೀರು, ಅರಿಶಿನ ಹಚ್ಚಿದೆವು. ಈಗ ಮನೆಯಲ್ಲಿ ಎಲ್ಲರೂ ‘ಎಲ್ಲಾದರೂ ಬಿಟ್ಟು ಬಾ’ ಅನ್ನುತ್ತಿದ್ದಾರೆ. ಇವನಿಗೆ ಕಲಿಸಲು ಆಗುತ್ತದಾ?
– ಓದುಗರು, ಸಾಗರ

ಉತ್ತರ: ಮೊದಲು ಮಗಳ ಕೈ. ಇದನ್ನು ಓದಿದ ತಕ್ಷಣ ಸೋಪು ಹಚ್ಚಿ, ನಲ್ಲಿ ನೀರು ಬಿಟ್ಟು 15 ನಿಮಿಷ ತೊಳೆಯಿರಿ. ಅರಿಶಿನ ಬೇಡ. ಇವತ್ತೇ ಆಸ್ಪತ್ರೆಗೆ ಹೋಗಿ. ಎರಡು ದಿನ ಕಳೆಯಿತಲ್ಲ ಎಂದು ಸುಮ್ನಿರಬೇಡಿ. ಗೀರು ಸಣ್ಣದಾದರೂ ರೇಬಿಸ್ ಲಸಿಕೆ ಬೇಕು, ಡಾಕ್ಟರು ಹೇಳಿದ ದಿನಗಳಲ್ಲಿ ಒಂದನ್ನೂ ತಪ್ಪಿಸದೆ ಹಾಕಿಸಿ. ಮುದ್ದುವಿಗೆ ಲಸಿಕೆ ಆಗಿದೆಯೋ ಇಲ್ಲವೋ ನೀವು ಬರೆದಿಲ್ಲ. ಕಚ್ಚಿದ ದಿನದಿಂದ 10 ದಿನ ಅವನನ್ನು ಮನೆಯಲ್ಲೇ ಇಟ್ಟು ಗಮನಿಸಿ. ಈ ಒಂದು ಕಾರಣಕ್ಕಾದರೂ ಈಗ ಅವನನ್ನು ಎಲ್ಲೂ ಬಿಟ್ಟು ಬರುವ ಹಾಗಿಲ್ಲ.

ಇನ್ನು ನಿಮ್ಮ ಪ್ರಶ್ನೆ. ಖಂಡಿತ ಕಲಿಯುತ್ತಾನೆ. ಪಶುವೈದ್ಯೆಯಾಗಿ ಅಷ್ಟೇ ಅಲ್ಲ, 11 ವರ್ಷ ಕಿವುಡು ನಾಯಿಯ ಜೊತೆ ಬಾಳಿದವಳಾಗಿ ಹೇಳುತ್ತಿದ್ದೇನೆ. ನಮ್ಮ ಬೆಳ್ಳಿ ಹುಬ್ಬಳ್ಳಿಯ ಬಸ್ ಸ್ಟ್ಯಾಂಡ್ ಹತ್ತಿರ ಸಿಕ್ಕವಳು. ನಿಮ್ಮ ಮುದ್ದುವಿನ ಹಾಗೇ ಚುಕ್ಕೆ ಬಿಳಿ. ಮೊದಲ ಎರಡು ವಾರ ಅವಳು ಹಟಮಾರಿ ಎಂದೇ ನಾನು ನಂಬಿದ್ದೆ. ಕರೆದರೆ ತಿರುಗುತ್ತಿರಲಿಲ್ಲ, ನಾನು ಗದರುತ್ತಿದ್ದೆ. ಒಂದು ಸಂಜೆ ಅವಳ ಬೆನ್ನ ಹಿಂದೆಯೇ ಸ್ಟೀಲ್ ತಟ್ಟೆ ಬಿತ್ತು. ಕಿವಿ ಕೂಡ ಅಲುಗಲಿಲ್ಲ. ಹಾಗೆ ಗದರಿದ್ದು ನನಗೆ ಇವತ್ತಿಗೂ ನೋವು.

ಬಿಳಿ ಬಣ್ಣಕ್ಕೂ ಕಿವುಡುತನಕ್ಕೂ ಸಂಬಂಧ ಇದೆ. ಮೈಗೆ ಬಣ್ಣ ಕೊಡುವ ಜೀವಕೋಶಗಳು ಒಳಗಿವಿಯಲ್ಲೂ ಇರಬೇಕು. ಅಲ್ಲಿ ಅವು ಇಲ್ಲದಿದ್ದರೆ, ಮರಿಗೆ ಮೂರು ನಾಲ್ಕು ವಾರ ಆಗುವಷ್ಟರಲ್ಲಿ ಶಬ್ದ ಹಿಡಿಯುವ ಜೀವಕೋಶಗಳು ಸಾಯುತ್ತವೆ. ಅಮೆರಿಕದಲ್ಲಿ ಚುಕ್ಕೆ ಬಿಳಿ ತಳಿಯಾದ ಸಾವಿರಾರು ಡಾಲ್ಮೇಷಿಯನ್‌ಗಳನ್ನು ಪರೀಕ್ಷಿಸಿದಾಗ 100ರಲ್ಲಿ ಸುಮಾರು 30ಕ್ಕೆ ಕನಿಷ್ಠ ಒಂದು ಕಿವಿ ಕೇಳಿಸುತ್ತಿರಲಿಲ್ಲ. ಅದರಲ್ಲಿ ಸುಮಾರು 8ಕ್ಕೆ ಎರಡೂ ಕಿವಿ. ನೀಲಿ ಕಣ್ಣಿದ್ದರೆ ಸಾಧ್ಯತೆ ಇನ್ನೂ ಜಾಸ್ತಿ. ಇದಕ್ಕೆ ಔಷಧಿ ಇಲ್ಲ. ಯಾರಾದರೂ ಎಣ್ಣೆ, ಹನಿ ಕೊಟ್ಟರೆ ಹಾಕಬೇಡಿ.

ಮುದ್ದು ಕೋಪಕ್ಕೆ ಕಚ್ಚಲಿಲ್ಲ, ಹೆದರಿದ. ನಾವು ಗಾಢ ನಿದ್ದೆಯಲ್ಲಿದ್ದಾಗ ಯಾರೋ ಕತ್ತಲಲ್ಲಿ ಭುಜ ಹಿಡಿದರೆ ಹೇಗಿರುತ್ತದೆ? ಅವನಿಗೆ ಪ್ರತಿ ಸಲವೂ ಹಾಗೇ. ಆದ್ದರಿಂದ ಎಬ್ಬಿಸುವುದನ್ನೇ ಮೊದಲ ಪಾಠ ಮಾಡಿ. ಅವನು ಮಲಗಿದ್ದಾಗ ಮುಖದ ಕಡೆಯಿಂದ ಹೋಗಿ. ಕೈಯಲ್ಲಿ ಬೇಯಿಸಿದ ಕೋಳಿ ಚೂರು ಇರಲಿ. ಮೂಗಿನಿಂದ ಒಂದು ಗೇಣು ದೂರ ಹಿಡಿದು ಕಾಯಿರಿ. ಮೊದಲು ಮೂಗು ಅಲುಗುತ್ತದೆ, ಆಮೇಲೆ ಕಣ್ಣು ತೆರೆಯುತ್ತದೆ. ಆಗ ಚೂರು ಕೊಡಿ. ನಾಲ್ಕೈದು ದಿನ ಬರೀ ಇಷ್ಟೇ. ಆಮೇಲೆ ಎರಡು ಬೆರಳಿಂದ ಭುಜ ಮೆಲ್ಲಗೆ ಮುಟ್ಟಿ, ಕಣ್ಣು ಬಿಟ್ಟ ಕ್ಷಣವೇ ಚೂರು. ಯಾವಾಗಲೂ ಅದೇ ಜಾಗ, ಭುಜ. ದಿನಕ್ಕೆ ಹತ್ತು ಸಲ, ಒಂದು ತಿಂಗಳು. ಬೆಳ್ಳಿ ಕೊನೆಕೊನೆಗೆ ಮುಟ್ಟಿದರೆ ಕಣ್ಣು ತೆರೆಯುವ ಮೊದಲೇ ನಾಲಿಗೆ ಹೊರಗೆ ಹಾಕುತ್ತಿದ್ದಳು! ಇದೆಲ್ಲ ದೊಡ್ಡವರ ಕೆಲಸ. ಮಗಳು ಮಲಗಿದ ನಾಯಿಯ ಹತ್ತಿರ ಹೋಗಲೇಬಾರದು. ಅವನಿಗೆ ಓಡಾಟವಿಲ್ಲದ ಮೂಲೆಯಲ್ಲಿ ಹಾಸಿಗೆ ಹಾಕಿ, ಅಡ್ಡ ಒಂದು ಮಣೆ ಇಡಿ.

ಹೆಸರು ಹಿಡಿದು ಕರೆಯುವುದರ ಬದಲು, ನಿಮ್ಮನ್ನು ನೋಡುವುದನ್ನು ಕಲಿಸಿ. ಅವನು ತಾನಾಗಿ ನಿಮ್ಮ ಮುಖ ನೋಡಿದಾಗಲೆಲ್ಲ ಹೆಬ್ಬೆರಳು ಎತ್ತಿ ತೋರಿಸಿ, ತಿಂಡಿ ಕೊಡಿ. ಹೆಬ್ಬೆರಳು ಅಂದರೆ ಶಭಾಷ್. ವಾರದಲ್ಲೇ ಅವನು ನಡೆಯುತ್ತಾ ನಡೆಯುತ್ತಾ ತಿರುಗಿ ನೋಡಲು ಶುರು ಮಾಡುತ್ತಾನೆ. ಉಳಿದದ್ದೆಲ್ಲ ಇದರ ಮೇಲೆ ನಿಲ್ಲುತ್ತದೆ. ಅಂಗೈ ಮೇಲೆತ್ತಿದರೆ ಕೂರು, ತೋಳನ್ನು ಎದೆಗೆ ಎಳೆದುಕೊಂಡರೆ ಬಾ, ಬೆರಳು ಆಡಿಸಿದರೆ ಬೇಡ. ಮನೆಯವರೆಲ್ಲ ಒಂದೇ ಸನ್ನೆ ಮಾಡಬೇಕು. ನಮ್ಮ ಅತ್ತೆ ‘ಬಾ’ ಅನ್ನಲು ಸೆರಗು ಬೀಸುತ್ತಿದ್ದರು, ನಾನು ತೋಳು ಎಳೆಯುತ್ತಿದ್ದೆ. ಬೆಳ್ಳಿ ನಡುವೆ ನಿಂತು ಇಬ್ಬರನ್ನೂ ನೋಡುತ್ತಿದ್ದಳು. ಕೊನೆಗೆ ಸನ್ನೆಗಳ ಚಿತ್ರ ಬರೆದು ಅಡುಗೆಮನೆ ಬಾಗಿಲಿಗೆ ಅಂಟಿಸಿದೆವು.

ನಿಮ್ಮದು ಹಳೇ ಮನೆಯಾಗಿದ್ದು ಮಹಡಿಗೆ ಹಲಗೆ ಹಾಸಿದ್ದರೆ ಒಳ್ಳೆಯದು. ಕಾಲಿಂದ ಒಮ್ಮೆ ತಟ್ಟಿದರೆ ಅದರುವುದು ಅವನ ಪಾದಕ್ಕೆ ಗೊತ್ತಾಗುತ್ತದೆ. ನಮ್ಮ ರೆಡ್ ಆಕ್ಸೈಡ್ ನೆಲದಲ್ಲಿ ಎಷ್ಟು ತಟ್ಟಿದರೂ ಪ್ರಯೋಜನವಿಲ್ಲ. ಕತ್ತಲಾದ ಮೇಲೆ ಅಂಗಳದಿಂದ ಕರೆಯಲು ಜಗುಲಿ ದೀಪ ಎರಡು ಸಲ ಆರಿಸಿ ಹಚ್ಚಿ. ಟಾರ್ಚ್ ಬೆಳಕನ್ನು ನೆಲದ ಮೇಲೆ ಓಡಿಸಿ ಆಟ ಆಡಿಸಬೇಡಿ, ಕೆಲವು ನಾಯಿಗಳು ದಿನವಿಡೀ ನೆರಳು ಹುಡುಕುವ ಚಟ ಹಚ್ಚಿಕೊಳ್ಳುತ್ತವೆ. ಶಾಕ್ ಕೊಡುವ ಬೆಲ್ಟ್ ಯಾರು ಹೇಳಿದರೂ ಬೇಡ.

ರಸ್ತೆಯಲ್ಲಿ ಹಗ್ಗ ಬಿಡಬೇಡಿ, ಎಷ್ಟೇ ಕಲಿತರೂ. ಹಾರನ್ ಕೇಳಿಸುವುದಿಲ್ಲ ಅಲ್ವಾ? ಕಾರು ಹಿಂದೆ ತೆಗೆಯುವ ಮುಂಚೆ ಒಬ್ಬರು ಇಳಿದು ಕೆಳಗೆ ನೋಡಿ. ನೆರಳಿಗೆ ಅಲ್ಲೇ ಮಲಗಿರುತ್ತಾನೆ. ಕೊರಳಿಗೆ ‘ಕಿವುಡು ನಾಯಿ’ ಅಂತ ಬರೆದ ಬಿಲ್ಲೆ, ನಿಮ್ಮ ಫೋನ್ ನಂಬರ್, ಜೊತೆಗೆ ಒಂದು ಗೆಜ್ಜೆ ಕಟ್ಟಿ. ಗೆಜ್ಜೆ ಅವನಿಗಲ್ಲ, ತೋಟದಲ್ಲಿ ಎಲ್ಲಿದ್ದಾನೆಂದು ನಿಮಗೆ ತಿಳಿಯಲು. ಬಿಳಿ ಮೂಗು, ಕಿವಿ ತುದಿ ಬಿಸಿಲಿಗೆ ಸುಡುತ್ತದೆ, ಮಧ್ಯಾಹ್ನ ಒಳಗಿರಲಿ.

ಮನೆಯವರಿಗೆ ಒಂದು ಮಾತು ಹೇಳಿ: ಒಂದು ತಿಂಗಳು ಕೊಡಿ. ಆಗಲೂ ಹೆದರಿಕೆ ಹೋಗದಿದ್ದರೆ ನನಗೆ ಬರೆಯಿರಿ. ಅವನನ್ನು ಸಂತೆಯಲ್ಲಿ ಬಿಟ್ಟರೆ ಮಾತ್ರ ಲಾರಿ ಬಂದದ್ದೂ ಗೊತ್ತಾಗುವುದಿಲ್ಲ.

ಪ್ರಶ್ನೆ: ನಮ್ಮ 13 ವರ್ಷದ ನಾಯಿ ಈಚೆಗೆ ಕರೆದರೆ ಬರುತ್ತಿಲ್ಲ. ಕಿವಿ ಕೆರೆದುಕೊಳ್ಳುತ್ತೆ, ವಾಸನೆ ಬರುತ್ತೆ. ಮನೆಯಲ್ಲಿರುವ ಕಿವಿ ಡ್ರಾಪ್ಸ್ ಹಾಕಲೇ?
– ಓದುಗರು, ಬೆಳಗಾವಿ

ಉತ್ತರ: ಹಾಕಬೇಡಿ. ಕಿವಿಯ ತಮಟೆ ತೂತಾಗಿದ್ದರೆ ಜೆಂಟಾಮೈಸಿನ್‌ನಂಥ ಔಷಧಿ ಒಳಗೆ ಇಳಿದು, ಉಳಿದ ಕೇಳಿಕೆಯನ್ನೂ ಕೆಡಿಸಬಹುದು. ವೈದ್ಯರು ಒಳಗೆ ಬೆಳಕು ಬಿಟ್ಟು ನೋಡಲಿ. ಬರೀ ಸೋಂಕಾಗಿದ್ದರೆ ಸ್ವಲ್ಪವಾದರೂ ಕೇಳಿಕೆ ಮರಳಬಹುದು. ವಯಸ್ಸಿನದಾದರೆ ಮರಳುವುದಿಲ್ಲ. ಹೇಗಿದ್ದರೂ ಕರೆಯುವಾಗ ಜೊತೆಗೆ ಕೈ ಸನ್ನೆಯನ್ನೂ ಇವತ್ತಿಂದಲೇ ಮಾಡಿ. ನಾಯಿಗೆ ನಿಮ್ಮ ಧ್ವನಿ ಸ್ವಲ್ಪವಾದರೂ ಕೇಳಿಸುತ್ತಿರುವಾಗಲೇ ಎರಡೂ ಜೋಡಿಯಾಗಬೇಕು.