ಕುಂಡದಲ್ಲಿ ನೆಟ್ಟ ಗಡ್ಡೆ ಯಾಕೆ ಹೂ ಬಿಡಲಿಲ್ಲ?

ಪ್ರಶ್ನೆ: ನಮಸ್ಕಾರ ಮೇಡಂ. ಹೋದ ವರ್ಷ ಜೂನ್‌ನಲ್ಲಿ ಸಿಂಹಗಡ ಹತ್ತುವಾಗ ದಾರಿ ಪಕ್ಕ ಒಂದು ಪುಟ್ಟ ಗಿಡ ಕಂಡೆ. ಬಿಳಿ ಹೂ, ಆರು ಎಸಳು, ನಡುವೆ ಚಿಕ್ಕ ಬಟ್ಟಲು. ಗಡ್ಡೆ ಸಮೇತ ಕಿತ್ತು ತಂದು ಕುಂಡದಲ್ಲಿ ನೆಟ್ಟೆ. ದೀಪಾವಳಿ ಹೊತ್ತಿಗೆ ಎಲೆ ಒಣಗಿತು. ಆಮೇಲೂ ದಿನಾ ನೀರು ಹಾಕಿದೆ. ಈ ಮಳೆಗಾಲದಲ್ಲಿ ಹೂವೂ ಇಲ್ಲ, ಎಲೆಯೂ ಇಲ್ಲ. ಸತ್ತೇಹೋಯಿತಾ?
— ಓದುಗರೊಬ್ಬರು, ಕೋಥ್ರೂಡ್, ಪುಣೆ

ಉತ್ತರ: ಮಣ್ಣು ಸರಿಸಿ ಗಡ್ಡೆಯನ್ನು ಬೆರಳಿಂದ ಒತ್ತಿ ನೋಡಿ. ಗಟ್ಟಿ ಇದ್ದರೆ ಜೀವ ಇದೆ. ಮೆತ್ತಗಾಗಿದ್ದರೆ ಕೊಳೆತಿದೆ.

ಆ ಬಟ್ಟಲಿನಿಂದಲೇ ಗುರುತು ಸಿಕ್ಕಿತು. ಇದು ಪ್ಯಾಂಕ್ರೇಶಿಯಮ್ ಪಾರ್ವಮ್, ನಮ್ಮ ಸಹ್ಯಾದ್ರಿಯದೇ ಹೂ. ಪಾರ್ವಮ್ ಅಂದರೆ ಲ್ಯಾಟಿನ್‌ನಲ್ಲಿ ಚಿಕ್ಕದು. 1850ರಲ್ಲಿ ಹೆಸರಿಟ್ಟವರು ಡಾಲ್ಜೆಲ್, ಮುಂದೆ ಮುಂಬೈ ಪ್ರಾಂತ್ಯದ ಕಾಡುಗಳನ್ನು ನೋಡಿಕೊಂಡವರು. ನಡುವಿನ ಬಟ್ಟಲು ಎಸಳಲ್ಲ. ಆರು ಕೇಸರಗಳ ಬುಡ ತೆಳ್ಳಗಿನ ಪೊರೆಯಿಂದ ಒಂದಕ್ಕೊಂದು ಕೂಡಿಕೊಂಡು ಹಾಗಾಗಿದೆ. ಒಮ್ಮೆ ಮಂಡಿಯೂರಿ ನೋಡಿದ್ದೆ. ಬಟ್ಟಲಲ್ಲಿ ಒಂದೇ ಹನಿ ಮಳೆನೀರು ನಿಂತಿತ್ತು, ಅಂಚಿನಲ್ಲೊಂದು ಇರುವೆ ಸುತ್ತುತ್ತಿತ್ತು. ಎದ್ದು ಬರಲು ಮನಸ್ಸೇ ಬರಲಿಲ್ಲ.

ಗುಡ್ಡದಲ್ಲಿ ಇದರ ಬದುಕೆಲ್ಲ ನಾಲ್ಕು ತಿಂಗಳ ಮಳೆಯಲ್ಲಿ. ಹೂ, ಎಲೆ ಎಲ್ಲ ಆ ಮಳೆಯಲ್ಲೇ. ಆ ಎಲೆ ಮಾಡಿಟ್ಟ ಅಡುಗೆಯನ್ನು ಗಡ್ಡೆ ಪದರಪದರವಾಗಿ ಕೂಡಿಟ್ಟುಕೊಳ್ಳುತ್ತದೆ. ಮಳೆ ನಿಂತ ಮೇಲೆ ಕಾದ ಕಲ್ಲುಗಳ ನಡುವೆ ಸುಮ್ನೆ ಮಲಗಿರುತ್ತದೆ. ಆಗ ನೀರು ಕೊಟ್ಟರೆ ಕೊಳೆಯುತ್ತದೆ. ನಾನೂ ಹಾಗೇ ಒಂದನ್ನು ಕಳೆದುಕೊಂಡೆ, ಇವತ್ತಿಗೂ ಬೇಸರ.

ನಿಮ್ಮದು ಗಟ್ಟಿ ಇದ್ದರೆ ಗರಸು ಮಣ್ಣಿಗೆ ಬದಲಿಸಿ, ಇಲ್ಲಿ ಮುರುಮ್ ಅಂತಾರಲ್ವಾ, ಅದೇ. ಕುಂಡದ ತಳದಲ್ಲಿ ತೂತು ಜಾಸ್ತಿ ಇರಲಿ. ಈಗ ಮಳೆ ಬೀಳುವ ಕಡೆ ಇಡಿ. ಎಲೆ ಹಳದಿಯಾದ ದಿನದಿಂದ ಒಂದು ಲೋಟ ನೀರೂ ಬೇಡ. ಮೇ ತಿಂಗಳ ಬಿಸಿಲೂ ತಾಗಲಿ. ಅಲ್ಲಿಂದ ಜೂನ್‌ಗೆ ಕಾಯಿರಿ. ಮತ್ತೆ ಗುಡ್ಡದಿಂದ ಗಡ್ಡೆ ಮಾತ್ರ ಕೀಳಬೇಡಿ, ಅದು ಅಲ್ಲೇ ಬೀಜ ಉದುರಿಸಿ ಹೆಚ್ಚಾಗಬೇಕು.

ಕುಂಡಕ್ಕೊಂದು ಚೀಟಿ ಅಂಟಿಸಿ. ಈ ಗಡ್ಡೆ ನೋಡಲು ಸಣ್ಣ ಈರುಳ್ಳಿ ಥರ ಇದೆ, ಆದರೆ ವಿಷ. ಮನೆಯಲ್ಲಿ ಮಕ್ಕಳಿದ್ದರೆ ಕೈಗೆ ಸಿಗದ ಹಾಗೆ ಇಡಿ.